ಮನೆಯಲ್ಲೇ ಸರ್ಫ್‌ಬೋರ್ಡ್: ಥರ್ಮಾಕೋಲ್ ಕೆತ್ತುವುದರಿಂದ ಫೈಬರ್ ಹಾಸುವವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮುಲ್ಕಿಯ ಹತ್ತಿರ. ರಾತ್ರಿ ಫ್ಯಾನ್ ನಿಂತರೆ ಕಡಲಿನ ಸದ್ದು ಕೇಳುತ್ತದೆ. 2004ರಲ್ಲಿ ಇಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರುವ ಆಟ ಸರ್ಫಿಂಗ್, ಆ ಹಲಗೆಯೇ ಸರ್ಫ್‌ಬೋರ್ಡ್. ಈಗ ಬೋರ್ಡ್ ಕಂಕುಳಲ್ಲಿ ಇಟ್ಟುಕೊಂಡು ಹೋಗುವವರನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಆದರೆ ಅದೇ ಬೋರ್ಡನ್ನು ಹಿತ್ತಲಲ್ಲಿ ನಿಂತು ಕೆತ್ತುತ್ತಿದ್ದರೆ ದಾರಿಹೋಕರೆಲ್ಲ ಪಾಗಾರದ ಆಚೆ ನಿಲ್ಲುತ್ತಾರೆ. "ಇದೆಂತ ಮಾರಾಯ್ರೆ, ದೋಣಿಯಾ?" ಅಂತ ಶುರುವಾದ ಪ್ರಶ್ನೆಗಳು ಬೆಳೆದು ಬೆಳೆದು ಇಷ್ಟಾಗಿವೆ. ಇದುವರೆಗೆ ನಾಲ್ಕು ಬೋರ್ಡ್ ಮಾಡಿದ್ದೇನೆ. ಒಂದು ಹಾಳಾಯಿತು, ಒಂದು ತೇಲುತ್ತದೆ ಅಷ್ಟೇ, ಎರಡು ಚೆನ್ನಾಗಿವೆ. ಆ ಲೆಕ್ಕ ನೆನಪಿಟ್ಟುಕೊಂಡೇ ಮುಂದೆ ಓದಿ.

ಇದು ಮನೆಯಲ್ಲಿ ಆಗುವ ಕೆಲಸವಾ?

ಆಗುತ್ತದೆ. ಬಡಗಿಯ ಕೈಚಳಕ ಬೇಕಾಗಿಲ್ಲ. ಬೋರ್ಡ್ ಅಂದರೆ ಒಳಗೆ ಕೆತ್ತಿದ ಫೋಮ್, ಅದರ ಮೇಲೆ ಗಾಜಿನ ಎಳೆಯ ಬಟ್ಟೆ, ಆ ಬಟ್ಟೆಯನ್ನು ಅಂಟಿಸಿ ಗಟ್ಟಿಯಾಗುವ ದ್ರವವೇ ರೆಸಿನ್. ಎಲ್ಲರೂ ಕೆತ್ತನೆಗೇ ಹೆದರುತ್ತಾರೆ. ಕೆತ್ತಿದ್ದು ಸ್ವಲ್ಪ ಸೊಟ್ಟಗಾದರೂ ಬೋರ್ಡ್ ಅಲೆ ಹಿಡಿಯುತ್ತದೆ. ರೆಸಿನ್ ತಪ್ಪಿದರೆ ಹಿಡಿಯುವುದಿಲ್ಲ. ಕೆತ್ತನೆಯನ್ನು ಒಂದು ವಾರ ಎಳೆಯಬಹುದು, ಮಧ್ಯೆ ಊಟಕ್ಕೆ ಹೋಗಿ ಬರಬಹುದು. ರೆಸಿನ್ ಕಲಸಿದ ಮೇಲೆ ಕೈಯಲ್ಲಿರುವುದು ಇಪ್ಪತ್ತು ಮೂವತ್ತು ನಿಮಿಷ. ಹಾಗಾಗಿ ಈ ಪುಟದಲ್ಲಿ ರೆಸಿನ್ನಿನ ಮಾತೇ ಜಾಸ್ತಿ.

ಮಾಡಿದರೆ ಕೊಳ್ಳುವುದಕ್ಕಿಂತ ಅಗ್ಗವಾ?

ಮೊದಲನೆಯದು ಅಲ್ಲ. ಮಾಸ್ಕ್, ತಕ್ಕಡಿ, ಸ್ಯಾಂಡ್‌ಪೇಪರ್, ಹಾಳು ಮಾಡಿದ ಸಾಮಾನು ಎಲ್ಲ ಸೇರಿಸಿದರೆ ಒಂದು ಹಳೆಯ ಬೋರ್ಡ್ ಬರುತ್ತಿತ್ತು. ದುಡ್ಡು ಉಳಿಸುವುದೇ ಉದ್ದೇಶವಾದರೆ ಹಳೆಯದನ್ನೇ ಕೊಳ್ಳಿ.

ಒಳಗೆ ಯಾವ ಫೋಮ್ ಹಾಕುವುದು?

ಎರಡು ದಾರಿ ಇವೆ. ಒಂದು, ಪಾಲಿಯುರಿಥೇನ್ ಫೋಮ್ ಮೇಲೆ ಪಾಲಿಯೆಸ್ಟರ್ ರೆಸಿನ್. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೋರ್ಡ್ ಮಾಡುತ್ತಿದ್ದ ಹೋಬಿ ಆಲ್ಟರ್ ಮತ್ತು ಗೋರ್ಡನ್ ಕ್ಲಾರ್ಕ್ ಸೇರಿ ಹಿಡಿದ ದಾರಿ ಇದು. ಇನ್ನೊಂದು, ಥರ್ಮಾಕೋಲ್ ಮೇಲೆ ಎಪಾಕ್ಸಿ ರೆಸಿನ್. ಕ್ಲಾರ್ಕ್ ಅವರ ಕಾರ್ಖಾನೆಯೇ ಅಮೆರಿಕದ ಬಹುಪಾಲು ಬೋರ್ಡುಗಳಿಗೆ ಫೋಮ್ ಕೊಡುತ್ತಿತ್ತು. 2005ರ ಡಿಸೆಂಬರ್ 5ರಂದು ಅದು ಇದ್ದಕ್ಕಿದ್ದಂತೆ ಬಾಗಿಲು ಮುಚ್ಚಿತು. ಆಗ ಥರ್ಮಾಕೋಲ್ ಕಡೆ ತಿರುಗಿದವರು ಬಹಳ ಜನ.

ನಮ್ಮಲ್ಲಿ ಮನೆಯಲ್ಲಿ ಮಾಡುವವರಿಗೆ ಥರ್ಮಾಕೋಲೇ ಸರಿ, ಯಾಕೆಂದರೆ ಅದು ಸಿಗುತ್ತದೆ. ಆದರೆ ಶಾಲೆಯ ಪ್ರಾಜೆಕ್ಟಿಗೆ ತರುವ ಹಗುರದ ಹಾಳೆ ಬೇಡ, ಬಂದರಿನ ಮೀನಿನ ಪೆಟ್ಟಿಗೆಯೂ ಬೇಡ. ಕೋಲ್ಡ್ ಸ್ಟೋರೇಜಿಗೆ, ಚಾವಣಿಗೆ ಬಿಸಿಲು ತಡೆಯಲು ಹಾಕುವ ಗಟ್ಟಿ ದಿಮ್ಮಿ ಕೇಳಿ. ಘನ ಮೀಟರಿಗೆ 24ರಿಂದ 32 ಕಿಲೋ ಸಾಂದ್ರತೆಯದ್ದಾಗಬೇಕು. ಅಂಗಡಿಯವರ ಮಾತು ನಂಬುವ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಲಭವಾಗಿ ಗುಳಿ ಬಿದ್ದರೆ ಬಿಟ್ಟು ಬನ್ನಿ.

ದೊಡ್ಡ ದಿಮ್ಮಿ ಸಿಗಲಿಲ್ಲ, ಹಾಳೆಗಳನ್ನು ಅಂಟಿಸಬಹುದಾ?

ಅಂಟಿಸಬಹುದು. ಆದರೆ ಬಿಳಿ ಫೆವಿಕಾಲ್ ಬೇಡ. ಎರಡು ಥರ್ಮಾಕೋಲ್ ಮಧ್ಯೆ ಅದರ ನೀರು ಹೋಗಲು ದಾರಿಯೇ ಇಲ್ಲ. ವಾರ ಬಿಟ್ಟು ಕೊಯ್ದರೂ ಒಳಗೆ ಹಾಲಿನಂತೆ ಹಸಿಯಾಗಿರುತ್ತದೆ. ಚಪ್ಪಲಿಗೆ ಹಾಕುವ ವಾಸನೆಯ ಗಮ್ ಅಂತೂ ಥರ್ಮಾಕೋಲನ್ನೇ ತಿಂದುಬಿಡುತ್ತದೆ. ಎಪಾಕ್ಸಿಯನ್ನೇ ತೆಳ್ಳಗೆ ಸವರಿ, ಮೇಲೆ ಭಾರ ಇಟ್ಟು ಒಂದು ದಿನ ಬಿಡಿ. ತೆಳ್ಳಗೆ ಅಂದದ್ದು ಸುಮ್ನೆ ಅಲ್ಲ. ಅಂಟಿನ ಗೆರೆ ಫೋಮಿಗಿಂತ ಗಟ್ಟಿ. ಉಜ್ಜುವಾಗ ಅದು ಸವೆಯದೆ ಏಣು ಎದ್ದು ನಿಲ್ಲುತ್ತದೆ.

ಬಂದರಿನ ಅಂಗಡಿಯಲ್ಲಿ ಬೋಟಿಗೆ ಕೊಡುವ ರೆಸಿನ್ ಸಾಕಲ್ವಾ?

ನನ್ನ ಹಾಳಾದ ಬೋರ್ಡಿನ ಕಥೆ ಇದೇ. ಭಾವ ಫೈಬರ್ ದೋಣಿ ರಿಪೇರಿ ಮಾಡುವವರು. ಅವರ ಶೆಡ್ಡಿನಲ್ಲಿ ಅರ್ಧ ಡಬ್ಬಿ ಪಾಲಿಯೆಸ್ಟರ್ ರೆಸಿನ್ ಉಳಿದಿತ್ತು. ಅವರನ್ನು ಕೇಳದೆ ತಂದು, ಹತ್ತು ದಿನ ಕೂತು ಕೆತ್ತಿದ ಥರ್ಮಾಕೋಲ್ ಮೇಲೆ ಸುರಿದೆ. ಮೊದಲು ಚಿರಿಚಿರಿ ಅನ್ನುವ ಸಣ್ಣ ಸದ್ದು. ಆಮೇಲೆ ಬೆಲ್ಲದ ಅಚ್ಚಿಗೆ ನೀರು ಬಿದ್ದಂತೆ ಮಧ್ಯದಲ್ಲಿ ಗುಳಿ. ಎರಡು ನಿಮಿಷದಲ್ಲಿ ಆ ಗುಳಿಯೊಳಗೆ ಕೈ ಇಡಬಹುದಿತ್ತು. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರಿನ್ ಇರುತ್ತದೆ, ಅದು ಥರ್ಮಾಕೋಲನ್ನು ಕರಗಿಸುತ್ತದೆ. ಭಾವ ಬಂದು ನೋಡಿ ಒಂದೇ ಮಾತು ಹೇಳಿದರು: "ಒಂದು ಚೂರಿನ ಮೇಲೆ ಹಾಕಿ ನೋಡಬಹುದಿತ್ತಲ್ಲ." ಅವತ್ತಿನಿಂದ ಪ್ರತಿ ಹೊಸ ಡಬ್ಬಿಗೂ ಮೊದಲು ಒಂದು ಚೂರು.

ಇನ್ನೊಂದು ಮಾತು, ಇದು ತಮಾಷೆಯದ್ದಲ್ಲ. ಬೋಟಿನ ರೆಸಿನ್ ಜೊತೆ, ಅದನ್ನು ಗಟ್ಟಿ ಮಾಡಲು, ಎರಡು ಸಣ್ಣ ಬಾಟಲಿ ಕೊಡುತ್ತಾರೆ. ನೇರಳೆ ಬಣ್ಣದ್ದು ಎಕ್ಸಲರೇಟರ್, ಅದರಲ್ಲಿ ಕೋಬಾಲ್ಟ್ ಇದೆ. ನೀರಿನಂತಿರುವುದು ಕ್ಯಾಟಲಿಸ್ಟ್. ಈ ಎರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು. ಬೆಂಕಿ ಹತ್ತಬಹುದು, ಸಿಡಿಯಬಹುದು. ಎಕ್ಸಲರೇಟರ್ ಮೊದಲು ರೆಸಿನ್ನಿಗೆ ಸೇರಿ ಪೂರ್ತಿ ಕಲಸಿದ ಮೇಲೇ ಕ್ಯಾಟಲಿಸ್ಟ್. ಎರಡು ಬಾಟಲಿಗಳನ್ನು ಒಂದೇ ಕಪಾಟಿನಲ್ಲಿ ಇಡಬೇಡಿ. ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಹಾರಿದರೂ ದೃಷ್ಟಿಗೇ ಅಪಾಯ.

ಬೋಟಿನ ಮ್ಯಾಟ್ ಆದರೂ ಉಪಯೋಗಕ್ಕೆ ಬರುತ್ತಾ?

ಇಲ್ಲ. ಚೂರು ಎಳೆಗಳನ್ನು ಕಂಬಳಿಯಂತೆ ಒತ್ತಿ ಮಾಡಿದ ಆ ಮ್ಯಾಟ್ ತನ್ನ ತೂಕದ ಎರಡು ಪಟ್ಟಿಗಿಂತಲೂ ಜಾಸ್ತಿ ರೆಸಿನ್ ಕುಡಿಯುತ್ತದೆ. ದೋಣಿಗೆ ತೂಕ ದೊಡ್ಡ ವಿಷಯವಲ್ಲ, ಬೋರ್ಡಿಗೆ ಹೌದು. ಸಾಲದ್ದಕ್ಕೆ ಆ ಚೂರುಗಳನ್ನು ಹಿಡಿದಿಟ್ಟ ಅಂಟು ಸ್ಟೈರಿನ್ನಿನಲ್ಲಿ ಕರಗುವಂಥದ್ದು. ಎಪಾಕ್ಸಿ ಹಾಕಿದರೆ ಕರಗದೆ ಬೆಳ್ಳಗೆ ಉಳಿಯುತ್ತದೆ. ನಿಮಗೆ ಬೇಕಾದದ್ದು ನೇಯ್ದ ಗ್ಲಾಸ್ ಬಟ್ಟೆ, ಚದರ ಮೀಟರಿಗೆ 200 ಗ್ರಾಂನದ್ದು. ಮೇಲ್ಭಾಗಕ್ಕೆ ಎರಡು ಪದರ, ಅಡಿಭಾಗಕ್ಕೆ ಒಂದು. ನಿಂತು, ಮೊಣಕಾಲೂರಿ ಮೇಲ್ಭಾಗಕ್ಕೇ ಪೆಟ್ಟು ಜಾಸ್ತಿ, ಅದಕ್ಕೆ.

ಮೊದಲ ಬೋರ್ಡಿಗೆ ಯಾವ ಅಳತೆ?

7 ಅಡಿ 6 ಇಂಚು ಉದ್ದ, 22 ಇಂಚು ಅಗಲ, 3 ಇಂಚು ದಪ್ಪ. ಟಿವಿಯಲ್ಲಿ ನೋಡಿದ 6 ಅಡಿಯ ಚೂಪು ಬೋರ್ಡ್ ಮಾಡಬೇಕು ಅಂತ ಆಸೆ ಇರುತ್ತದೆ, ನನಗೂ ಇತ್ತು. ಮೇಲೆ ಹೇಳಿದ "ತೇಲುತ್ತದೆ ಅಷ್ಟೇ" ಬೋರ್ಡ್ ಅದೇ. ಉದ್ದ, ಅಗಲ ಇದ್ದರೆ ಸಸಿಹಿತ್ಲುವಿನ ಸಣ್ಣ ಅಲೆಯೂ ನಿಮ್ಮನ್ನು ಎತ್ತಿಕೊಳ್ಳುತ್ತದೆ.

ರಾಕರ್ ಅಂದರೆ ಮೂತಿಯಿಂದ ಬಾಲದವರೆಗಿನ ಬಾಗು. ಬೋರ್ಡನ್ನು ನೆಲದ ಮೇಲಿಟ್ಟರೆ ಮೂತಿ ಸುಮಾರು 4 ಇಂಚು, ಬಾಲ ಎರಡೂವರೆ ಇಂಚು ಎದ್ದಿರಲಿ. ಬಾಗು ಕಡಿಮೆಯಾದರೆ ಮೂತಿ ನೀರಿಗೆ ನಾಟುತ್ತದೆ, ಜಾಸ್ತಿಯಾದರೆ ಬೋರ್ಡ್ ನೀರನ್ನು ತಳ್ಳಿಕೊಂಡು ನಿಧಾನವಾಗುತ್ತದೆ.

ಮಧ್ಯದಲ್ಲಿ ಮರದ ಪಟ್ಟಿ ಬೇಕೇ ಬೇಕಾ?

ಎಪಾಕ್ಸಿ ಬೋರ್ಡಿಗೆ ಕಡ್ಡಾಯ ಏನಲ್ಲ. ಆದರೂ ಹಾಕಿ. 3 ಅಥವಾ 4 ಮಿಲಿಮೀಟರ್ ಪ್ಲೈವುಡ್ಡನ್ನು ರಾಕರಿನ ಆಕಾರಕ್ಕೇ ಕೊಯ್ದು ನಡುವೆ ಅಂಟಿಸಿದರೆ ಬೋರ್ಡ್ ಸುಲಭಕ್ಕೆ ಮುರಿಯುವುದಿಲ್ಲ. ಅದಕ್ಕಿಂತ ಮುಖ್ಯ, ನಡುಗೆರೆ ಎಲ್ಲಿದೆ ಅಂತ ಕೊನೆಯವರೆಗೂ ಕಣ್ಣಿಗೆ ಕಾಣುತ್ತಿರುತ್ತದೆ.

ಕೆತ್ತುವ ಕ್ರಮ ಹೇಗೆ?

ಮೊದಲು ಪ್ಲೈವುಡ್ಡಿನಲ್ಲಿ ರಾಕರಿನ ಎರಡು ಅಚ್ಚು ಮಾಡಿ ದಿಮ್ಮಿಯ ಎರಡೂ ಬದಿಗೆ ಮೊಳೆಯಿಂದ ಚುಚ್ಚಿ. ನೈಕ್ರೋಮ್ ತಂತಿಯನ್ನು, ಅಂದರೆ ಹೀಟರಿನ ಒಳಗಿರುವಂಥ ತಂತಿಯನ್ನು, ಬಿಸಿ ಮಾಡಿ, ಇಬ್ಬರು ಎರಡು ತುದಿ ಹಿಡಿದು, ಅಚ್ಚಿನ ಮೇಲೆ ಜಾರಿಸುತ್ತಾ ಬಂದರೆ ಬೆಣ್ಣೆ ಕೊಯ್ದಂತೆ ಕೊಯ್ಯುತ್ತದೆ. ಒಬ್ಬರು ಆತುರಪಟ್ಟರೆ ಮೇಲ್ಮೈ ಅಲೆಅಲೆಯಾಗುತ್ತದೆ. ಹೊರಗೆ ಗಾಳಿಯಲ್ಲೇ ಮಾಡಿ. ಪಾಲಿಯುರಿಥೇನ್ ಫೋಮಿಗೆ ಮಾತ್ರ ಬಿಸಿ ತಂತಿ ಎಂದಿಗೂ ಬೇಡ, ಆ ಹೊಗೆ ವಿಷ.

ಅಗಲದ ಆಕಾರಕ್ಕೆ ಪೂರ್ತಿ ಅಚ್ಚು ಮಾಡಬೇಡಿ. ಅರ್ಧ ಅಚ್ಚು ಮಾಡಿ, ನಡುಗೆರೆಗೆ ಇಟ್ಟು ಒಂದು ಕಡೆ ಗೀಚಿ, ಮಗುಚಿ ಇನ್ನೊಂದು ಕಡೆ ಗೀಚಿ. ಎಡ ಬಲ ತಾನಾಗಿಯೇ ಒಂದೇ ಥರ ಬರುತ್ತದೆ. ಗೀಟಿನಿಂದ ಸ್ವಲ್ಪ ಹೊರಗೆ ಕೈಗರಗಸದಿಂದ ಕೊಯ್ದು, ಉಳಿದದ್ದನ್ನು ಉಜ್ಜಿ ಗೀಟಿಗೆ ತನ್ನಿ.

ಅಂಚು, ಅಂದರೆ ರೈಲ್, ನೋಡಲು ಕಷ್ಟ, ಮಾಡಲು ಅಷ್ಟಿಲ್ಲ. ಚೌಕ ಅಂಚಿನ ಮೂಲೆಯನ್ನು ಮೂತಿಯಿಂದ ಬಾಲದವರೆಗೆ 45 ಡಿಗ್ರಿಯಲ್ಲಿ ಒಂದೇ ಪಟ್ಟಿಯಾಗಿ ತೆಗೆಯಿರಿ. ಆಗ ಹುಟ್ಟಿದ ಎರಡು ಮೂಲೆಗಳನ್ನು ಮತ್ತೆ ತೆಗೆಯಿರಿ. ಹೀಗೆ ಮೂಲೆಗಳು ಸಣ್ಣದಾಗುತ್ತಾ ಹೋಗಿ ಕೊನೆಗೆ ಸ್ಯಾಂಡ್‌ಪೇಪರಿನಲ್ಲಿ ದುಂಡಗಾಗುತ್ತವೆ. ಒಂದು ಕಡೆ ಎಷ್ಟು ಸಲ ಎಳೆದಿರೋ ಇನ್ನೊಂದು ಕಡೆಯೂ ಅಷ್ಟೇ ಸಲ. ನಾನು ಬಾಯಿಬಿಟ್ಟು ಎಣಿಸುತ್ತೇನೆ. ಪಕ್ಕದ ಮನೆಯವರಿಗೆ ಈಗ ಅಭ್ಯಾಸವಾಗಿದೆ.

ಮುಖ್ಯವಾದ ಉಪಾಯ ಬೆಳಕಿನದ್ದು. ಮೇಲಿನ ದೀಪ ಆರಿಸಿ. ಎರಡು ಟ್ಯೂಬ್‌ಲೈಟನ್ನು ಬೋರ್ಡಿನ ಎರಡೂ ಬದಿಗೆ, ಬೋರ್ಡಿನ ಎತ್ತರಕ್ಕೇ ಕುರ್ಚಿಯ ಮೇಲೆ ಇಡಿ. ಹಗಲಲ್ಲಿ ನುಣುಪಾಗಿ ಕಂಡದ್ದರಲ್ಲಿ ಇರುವ ಗುಳಿ, ಗೀರು, ಉಬ್ಬು ಎಲ್ಲಕ್ಕೂ ಆಗ ನೆರಳು ಬೀಳುತ್ತದೆ. ಬೆರಳು ಹಿಡಿಯದ ತಪ್ಪನ್ನು ಆ ನೆರಳು ಹಿಡಿಯುತ್ತದೆ.

ಯಾವ ಕಾಲ, ಯಾವ ಹೊತ್ತು ಒಳ್ಳೆಯದು?

ಕರಾವಳಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ರೆಸಿನ್ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಮಳೆಗಾಲದ ಗಾಳಿಯಲ್ಲಿ ಹಪ್ಪಳವೇ ಗರಿಯಾಗಿ ಉಳಿಯುವುದಿಲ್ಲ. ಇನ್ನು ಎಪಾಕ್ಸಿಯ ಪಾಡು ಕೇಳಬೇಕಾ?

ಹೊತ್ತು ಅಂದರೆ ಸಂಜೆ. ಇದಕ್ಕೆ ಗಟ್ಟಿ ಕಾರಣವಿದೆ. ಥರ್ಮಾಕೋಲ್ ತುಂಬಾ ಗಾಳಿ. ಬೆಳಿಗ್ಗೆ ಬಟ್ಟೆ ಹಾಸಿದರೆ ಬಿಸಿಲೇರಿದಂತೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಹಸಿ ರೆಸಿನ್ ತುಂಬಾ ಗುಳ್ಳೆ ಏಳುತ್ತದೆ. ಸಂಜೆ ಹಾಸಿದರೆ ತಂಪಾದಂತೆ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಾನು ಐದೂವರೆಗೆ ಶುರು ಮಾಡುತ್ತೇನೆ. ಇಬ್ಬನಿ ಬೀಳುವ ದಿನಗಳಲ್ಲಿ ಅಂಗಳದಲ್ಲಿ ಬೇಡ, ಮಾಡಿನ ಕೆಳಗೆ ಮಾಡಿ. ಹತ್ತಿರದಲ್ಲಿ ತುಳಸಿಕಟ್ಟೆಯ ದೀಪ ಉರಿಯುತ್ತಿದ್ದರೆ, ರೆಸಿನ್ ಒರೆಸಲು ಇಟ್ಟ, ಬೇಗ ಬೆಂಕಿ ಹತ್ತುವ ಅಸಿಟೋನ್ ಬಾಟಲಿ ಅಲ್ಲಿಗೆ ತರಬೇಡಿ.

ಬಟ್ಟೆ ಹಾಸುವ ದಿನ ಏನೇನು ಮಾಡಬೇಕು?

ಹಿಂದಿನ ದಿನವೇ ಥರ್ಮಾಕೋಲಿನ ಕಾಳುಗಳ ಮಧ್ಯದ ಸಂದುಗಳನ್ನು ಮುಚ್ಚಿ. ಎಪಾಕ್ಸಿಗೆ ಮೈಕ್ರೋಬಲೂನ್ ಅನ್ನುವ ಹಗುರ ಪುಡಿ ಕಲಸಿ, ದೋಸೆ ಹಿಟ್ಟಿಗಿಂತ ದಪ್ಪಗೆ ಮಾಡಿ, ಪುಟ್ಟಿ ಬ್ಲೇಡಿನಲ್ಲಿ ಎಳೆದು ಒಣಗಿದ ಮೇಲೆ ಉಜ್ಜಿ. ಇಲ್ಲವಾದರೆ ಆ ಸಂದುಗಳೇ ನಿಮ್ಮ ಅರ್ಧ ಕಿಲೋ ರೆಸಿನ್ ಕುಡಿಯುತ್ತವೆ.

ಅಡಿಭಾಗ ಮೊದಲು. ಬೋರ್ಡನ್ನು ಸ್ಟ್ಯಾಂಡಿನ ಮೇಲೆ ಕವುಚಿ, ಬಟ್ಟೆ ಹರಡಿ, ಅಂಚಿನಿಂದ ಎರಡು ಇಂಚು ಇಳಿಬೀಳುವಂತೆ ಕತ್ತರಿಸಿ. ಮೂತಿಯಲ್ಲಿ, ಬಾಲದ ಮೂಲೆಗಳಲ್ಲಿ ಕತ್ತರಿಯಿಂದ ಸಣ್ಣ ಸಣ್ಣ ಸೀಳು ಕೊಡಿ, ಮಡಚುವಾಗ ನೆರಿಗೆ ಬರುವುದಿಲ್ಲ.

ರೆಸಿನ್ನಿನ ಲೆಕ್ಕ ಸುಲಭ. ಬಟ್ಟೆಯ ತೂಕ ಎಷ್ಟೋ ರೆಸಿನ್ ಸುಮಾರು ಅಷ್ಟೇ. ಎರಡೂ ಮುಕ್ಕಾಲು ಅಡಿ ಅಗಲ, ಎಂಟೂವರೆ ಅಡಿ ಉದ್ದದ ಒಂದು ಪದರ 400 ಗ್ರಾಮಿನ ಹತ್ತಿರ ಬರುತ್ತದೆ. ಮೂರು ಪದರ, ಮೇಲಿನ ಲೇಪ ಎಲ್ಲ ಸೇರಿ ಮೂರು ಕಿಲೋ ತಂದಿಟ್ಟುಕೊಂಡರೆ ನಡುವೆ ಓಡಾಟ ಇರುವುದಿಲ್ಲ. ಹಾರ್ಡನರ್, ಅಂದರೆ ರೆಸಿನ್ ಗಟ್ಟಿಯಾಗಲು ಅದಕ್ಕೆ ಕಲಸುವ ದ್ರವ, ಎಷ್ಟು ಅನ್ನುವುದು ಡಬ್ಬಿಯಿಂದ ಡಬ್ಬಿಗೆ ಬೇರೆ. ಮೇಲೆ ಬರೆದದ್ದನ್ನು ಓದಿ. ತೂಕದ ಲೆಕ್ಕವೋ ಅಳತೆಯ ಲೆಕ್ಕವೋ ಅಂತ ಎರಡು ಸಲ ಓದಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕುವುದು ಪಾಲಿಯೆಸ್ಟರಿನವರ ಚಾಳಿ. ಎಪಾಕ್ಸಿಯಲ್ಲಿ ಹಾಗೆ ಮಾಡಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಬದಿ ತಳ ಎಲ್ಲ ಕೆರೆದು ಎರಡು ಮೂರು ನಿಮಿಷ ಕಲಸಿ.

ಈಗ ಸುರಿಯಿರಿ. ನಡುಗೆರೆಯ ಉದ್ದಕ್ಕೆ ಸುರಿದು ಸ್ಕ್ವೀಜಿಯಿಂದ, ಅಂದರೆ ರೆಸಿನ್ ಹರಡುವ ಬಾಗುವ ಪಟ್ಟಿಯಿಂದ, ಹೊರಕ್ಕೆ ಎಳೆಯುತ್ತಾ ಹೋಗಿ. ಬೆಳ್ಳಗಿನ ಬಟ್ಟೆ ರೆಸಿನ್ ಕುಡಿದಲ್ಲೆಲ್ಲ ಮಾಯವಾಗಿ ಅಡಿಯ ಪೆನ್ಸಿಲ್ ಗೀಟು ಕಾಣತೊಡಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದ ದೃಶ್ಯ ಅದು. ಎಲ್ಲೂ ಹೊಳೆಯುವ ಮಡು ಉಳಿಯಬಾರದು. ನೇಯ್ಗೆಯ ಎಳೆಗಳು ಕೈಗೆ ಒರಟಾಗಿ ಸಿಗಬೇಕು. ರೆಸಿನ್ ಮೇಲೆ ಬಟ್ಟೆ ತೇಲಿದರೆ ತೂಕ ಬಂತು, ಬಲ ಬರಲಿಲ್ಲ. ಕೊನೆಗೆ ಇಳಿಬಿದ್ದ ಅಂಚನ್ನು ಸ್ಕ್ವೀಜಿಯಿಂದ ಒಳಮಡಚಿ ಅಂಟಿಸಿ. ಆ ಹೊತ್ತಿಗೆ ಫೋನ್ ಬಂದರೆ ಎತ್ತಬೇಡಿ.

ಮರುದಿನ ಮಡಚಿದ ಅಂಚಿನ ಏಣು ಉಜ್ಜಿ, ಬೋರ್ಡ್ ತಿರುಗಿಸಿ ಮೇಲ್ಭಾಗಕ್ಕೆ ಎರಡು ಪದರ ಇದೇ ರೀತಿ. ಆಮೇಲೆ ನೇಯ್ಗೆ ತುಂಬಲು ಬ್ರಷ್ಷಿನಲ್ಲಿ ಒಂದು ಲೇಪ. ಕೆಳಗಿನದು ಇನ್ನೂ ಬೆರಳಿಗೆ ಸ್ವಲ್ಪ ಅಂಟುವಾಗಲೇ ಈ ಲೇಪ ಕೊಟ್ಟರೆ ಎರಡೂ ಒಂದಾಗುತ್ತವೆ. ತಡವಾದರೆ ಉಜ್ಜಿಯೇ ಹಾಕಬೇಕು.

ಕಪ್ಪಿನಲ್ಲೇ ರೆಸಿನ್ ಬಿಸಿಯಾಗಿ ಹೊಗೆ ಬಂತು. ಯಾಕೆ?

ಗಟ್ಟಿಯಾಗುವಾಗ ಅದು ಶಾಖ ಬಿಡುತ್ತದೆ. ಕಪ್ಪಿನಲ್ಲಿ ಒಟ್ಟಾಗಿದ್ದರೆ ಆ ಶಾಖಕ್ಕೆ ಹೋಗಲು ಜಾಗವಿಲ್ಲ, ಶಾಖದಿಂದ ಇನ್ನೂ ಬೇಗ ಗಟ್ಟಿಯಾಗುತ್ತದೆ. ಕಲಸಿದ ಕೂಡಲೇ ಬೋರ್ಡ್ ಮೇಲೆ ಸುರಿದುಬಿಡಿ, ಇಲ್ಲವೇ ಅಗಲ ತಟ್ಟೆಯಲ್ಲಿ ಹರಡಿಡಿ. ಹೊಗೆ ಬಂದರೆ ಕಪ್ಪನ್ನು ಬರಿಗೈಯಲ್ಲಿ ಹಿಡಿಯದೆ ಹೊರಗೆ ಮಣ್ಣಿನ ಮೇಲಿಡಿ.

ಗಟ್ಟಿಯಾಗಿದೆ, ಆದರೆ ಮೇಲೆ ಜಿಡ್ಡು ಜಿಡ್ಡು. ಹಾಳಾಯಿತಾ?

ಎಪಾಕ್ಸಿಯಾದರೆ ಹಾಳಾಗಿಲ್ಲ. ಗಾಳಿಯ ತೇವ ಹಾರ್ಡನರಿನ ಜೊತೆ ಸೇರಿ ಮೇಣದಂಥ ಪೊರೆ ಬಿಟ್ಟಿದೆ. ನೀರು ಮತ್ತು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ತೊಳೆದು, ಒರೆಸಿ, ಆಮೇಲೆ ಸ್ಯಾಂಡ್‌ಪೇಪರ್. ತೊಳೆಯದೆ ಉಜ್ಜಿದರೆ ಆ ಜಿಡ್ಡನ್ನೇ ಎಲ್ಲ ಕಡೆ ಹರಡಿದಂತೆ. ಪಾಲಿಯೆಸ್ಟರಿನಲ್ಲಿ ಅಂಟಂಟಾಗಿದ್ದರೆ ಅದು ಬೇರೆ. ಅದರ ಮೇಲ್ಪದರ ಗಾಳಿ ತಾಗಿದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಅದಕ್ಕೇ ಕೊನೆಯ ಲೇಪಕ್ಕೆ ಮೇಣ ಬೆರೆಸುತ್ತಾರೆ.

ಫಿನ್ ಎಲ್ಲಿ ಕೂರಿಸುವುದು?

ಫಿನ್ ಅಂದರೆ ಬೋರ್ಡಿನ ಅಡಿಯಲ್ಲಿ, ಬಾಲದ ಹತ್ತಿರ ಇರುವ ಮೀನಿನ ರೆಕ್ಕೆಯಂಥದ್ದು. 1981ರಲ್ಲಿ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ತಾನೇ ಮಾಡಿದ ಮೂರು ಫಿನ್ನಿನ ಬೋರ್ಡಿನಲ್ಲಿ ಅಲ್ಲಿನ ಬೆಲ್ಸ್ ಬೀಚ್ ಸರ್ಫಿಂಗ್ ಸ್ಪರ್ಧೆ ಗೆದ್ದ. ಆಮೇಲೆ ಜಗತ್ತೆಲ್ಲ ಮೂರಕ್ಕೇ ಬಂತು. 6 ಅಡಿ ಆಸುಪಾಸಿನ ಬೋರ್ಡಿಗೆ ಹಿಂದಿನ ಫಿನ್ ಬಾಲದಿಂದ ಮೂರೂವರೆ ಇಂಚು, ಮುಂದಿನ ಎರಡು ಸುಮಾರು 11 ಇಂಚು, ಅಂಚಿನಿಂದ ಒಂದೂಕಾಲು ಇಂಚು ಒಳಗೆ. ಮುಂದಿನವುಗಳ ಮೂತಿ ಸ್ವಲ್ಪ ನಡುಗೆರೆಯ ಕಡೆ ತಿರುಗಿರಬೇಕು. ಉದ್ದದ ಬೋರ್ಡಿಗೆ ಎಲ್ಲವೂ ಇನ್ನಷ್ಟು ಮುಂದೆ. ಗೆಳೆಯರ ಒಳ್ಳೆಯ ಬೋರ್ಡ್ ತಂದು ಟೇಪ್ ಹಿಡಿದು ಅಳೆಯುವುದೇ ಸುಲಭ. ಫಿನ್ ಕೂಡ ನೀವೇ ಮಾಡುವುದಾದರೆ 200 ಗ್ರಾಂ ಬಟ್ಟೆಯ 30, 35 ಪದರವನ್ನು ಗಾಜಿನ ಮೇಲೆ ಹಾಸಿ ಫಲಕ ಮಾಡಿ ಕೊಯ್ಯಬೇಕು. ಒಂದು ಸಲ ಮಾಡಿದೆ. ಈಗ ಕೊಂಡು ತರುತ್ತೇನೆ.

ಉಜ್ಜುವಾಗ ಮೈಯೆಲ್ಲ ತುರಿಕೆ. ಏನು ಮಾಡುವುದು?

ಗಾಜಿನ ಪುಡಿ ಅಲ್ವಾ, ತುರಿಸದೆ ಇರುತ್ತದಾ? ಪೂರ್ತಿ ತೋಳಿನ ಅಂಗಿ, ಕೈಗವಸು. ಮುಗಿದ ಮೇಲೆ ತಣ್ಣೀರಿನಲ್ಲಿ ಉಜ್ಜದೆ ತೊಳೆಯಿರಿ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಮೆಷಿನ್ನಿಗೆ ಹಾಕಬೇಡಿ. 80ರ ಪೇಪರಿನಿಂದ ಶುರು ಮಾಡಿ 120, 220, ಹೊಳಪು ಬೇಕಾದರೆ 400ರಲ್ಲಿ ನೀರು ಹಾಕಿ. ಅಂಚಿನ ಮೇಲೆ ಮಾತ್ರ ಹಗುರ ಕೈ. ಅಲ್ಲಿ ಬಟ್ಟೆಯ ಎಳೆ ಕಾಣಿಸಿತೆಂದರೆ ಕೂಡಲೇ ನಿಲ್ಲಿಸಿ.

ಕೊರೊನಾ ಕಾಲದ ಎನ್95 ಮಾಸ್ಕ್ ಸಾಕಾ?

ಉಜ್ಜುವ ಧೂಳಿಗೆ ಸಾಕು. ರೆಸಿನ್ನಿನ ಆವಿಗೆ ಸಾಲದು, ಅದಕ್ಕೆ ಕಾರ್ಬನ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಎಪಾಕ್ಸಿಗೆ ವಾಸನೆ ಕಡಿಮೆ, ಅದೇ ಅದರ ಮೋಸ. ಬರಿಗೈಗೆ ತಾಗುತ್ತಾ ತಾಗುತ್ತಾ ಒಂದು ದಿನ ಮೈ ಒಗ್ಗದೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಕೈಗೆ ತಾಗಿದರೆ ಅಸಿಟೋನ್ ಹಚ್ಚಬೇಡಿ, ಅದು ರೆಸಿನ್ನನ್ನು ಚರ್ಮದೊಳಕ್ಕೇ ಒಯ್ಯುತ್ತದೆ. ಒರೆಸಿ ಸೋಪು ನೀರಿನಲ್ಲಿ ತೊಳೆಯಿರಿ.

ಯಾವಾಗ ನೀರಿಗೆ ಇಳಿಸಬಹುದು?

ಒಂದು ವಾರ ತಡೆಯಿರಿ. ಮರುದಿನ ಮುಟ್ಟಿದರೆ ಗಟ್ಟಿ ಅನ್ನಿಸಿದರೂ ಎಪಾಕ್ಸಿ ಒಳಗೊಳಗೆ ಬಲಿಯುತ್ತಿರುತ್ತದೆ. ಮುಗಿದ ಬೋರ್ಡನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಒಳಗಿನ ಗಾಳಿ ಹಿಗ್ಗಿ ಬಟ್ಟೆ ಫೋಮಿನಿಂದ ಎದ್ದು ಪೂರಿಯಂತೆ ಉಬ್ಬುತ್ತದೆ. ಗಾಳಿ ಬಿಡುವ ಸಣ್ಣ ವಾಲ್ವ್ ಸಿಕ್ಕಿದರೆ ಹಾಕಿಸಿ.

ಬಂಡೆಗೆ ತಾಗಿ ತೂತಾದರೆ?

ಕೂಡಲೇ ನೀರಿನಿಂದ ಹೊರಗೆ ಬನ್ನಿ. ಥರ್ಮಾಕೋಲ್ ನೀರು ಎಳೆದುಕೊಳ್ಳುತ್ತದೆ. ತೂತು ಕೆಳಗಾಗುವಂತೆ ನೆರಳಲ್ಲಿ ಇಟ್ಟು ದಿನಗಟ್ಟಲೆ ಒಣಗಿಸಿ, ಆಮೇಲೆ ತುಂಬಿ, ಮೇಲೊಂದು ತುಂಡು ಬಟ್ಟೆ. ಒದ್ದೆ ಇರುವಾಗಲೇ ಮುಚ್ಚಿದರೆ ನೀರನ್ನು ಒಳಗೆ ಸಾಕಿದಂತೆ.

ಉಳಿದ ರೆಸಿನ್ ಎಲ್ಲಿ ಸುರಿಯುವುದು?

ತೋಡಿಗೂ ಬೇಡ, ತೆಂಗಿನ ಬುಡಕ್ಕೂ ಬೇಡ. ಹಾರ್ಡನರ್ ಹಾಕಿ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗಲು ಬಿಟ್ಟು ಕಸಕ್ಕೆ ಕೊಡಿ. ನಮ್ಮ ಮನೆಯಲ್ಲಿ ಅದು ಉಳಿಯುವುದೇ ಇಲ್ಲ. ನಾನು ಕೈಗವಸು ಹಾಕಿದ್ದು ಕಂಡರೆ ಅಮ್ಮ ಸೀಳಿದ ಬಕೆಟ್, ಪಕ್ಕದ ಮನೆಯವರ ಪ್ಲಾಸ್ಟಿಕ್ ಕುರ್ಚಿ, ಎಲ್ಲ ತಂದು ಸಾಲಾಗಿ ಇಡುತ್ತಾರೆ. ಬಕೆಟ್ಟಿನ ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಹಿಡಿಯುವುದಿಲ್ಲ ಅಂತ ಎಷ್ಟು ಸಲ ಹೇಳಿದ್ದೇನೋ. "ನಿನ್ನ ಬೋರ್ಡಿಗೆ ಹಿಡಿಯುತ್ತದೆ, ನನ್ನ ಬಕೆಟ್ಟಿಗೆ ಯಾಕೆ ಹಿಡಿಯುವುದಿಲ್ಲ?" ಅನ್ನುವುದು ಅವರ ಪ್ರಶ್ನೆ. ಇಲ್ಲಿರುವ ಎಲ್ಲಕ್ಕಿಂತ ಹೆಚ್ಚು ಸಲ ನಾನು ಕೇಳಿಸಿಕೊಂಡ ಪ್ರಶ್ನೆಯೂ ಅದೇ.